ಚೀಟಿ ಬರೆದಾಯಿತು, ಮನೋವೈದ್ಯರು ಬರುವವರೆಗೆ ನಾನೇನು ಮಾಡಲಿ?

ನಾನು ಜಿಲ್ಲಾ ಆಸ್ಪತ್ರೆಯೊಂದರ ಮಹಿಳಾ ಮೆಡಿಕಲ್ ವಾರ್ಡಿನಲ್ಲಿ ಶುಶ್ರೂಷಾಧಿಕಾರಿ. ಹೋದ ತಿಂಗಳು ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬೆಳೆಗೆ ಹೊಡೆಯುವ ಔಷಧಿ ಕುಡಿದು ದಾಖಲಾಗಿದ್ದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಐಸಿಯುನಲ್ಲಿ ಪೂರ್ತಿ ಎಚ್ಚರವಾಗಿ ಎರಡು ದಿನ ಕಳೆದ ಮೇಲೆ ನಮ್ಮ ವಾರ್ಡಿಗೆ ಕಳಿಸಿದರು. ಶುಕ್ರವಾರದ ರೌಂಡ್ಸಿನಲ್ಲಿ ಫಿಜಿಶಿಯನ್ ಕೇಸ್ ಶೀಟಿನಲ್ಲಿ ‘ಸೈಕಿಯಾಟ್ರಿ ಒಪೀನಿಯನ್’ ಎಂದು ಬರೆದರು. ಚೀಟಿ ತೆಗೆದುಕೊಂಡು ಆಯಾ ಹೋಗುವ ಹೊತ್ತಿಗೆ ಓಪಿಡಿ ಮುಗಿದಿತ್ತು. ಶನಿವಾರ ಮನೋವೈದ್ಯರು ಅಂಗವಿಕಲರ ಯುಡಿಐಡಿ ಕಾರ್ಡಿನ ಶಿಬಿರಕ್ಕೆ ಹೋಗಿದ್ದರು. ಭಾನುವಾರ ರಜೆ. ಸೋಮವಾರ ಮಧ್ಯಾಹ್ನ ಅವರು ವಾರ್ಡಿಗೆ ಬಂದಾಗ ಹಾಸಿಗೆ ಖಾಲಿ. ಬೆಳಿಗ್ಗೆಯೇ ಮಾವ ‘ನಮ್ಮ ಜವಾಬ್ದಾರಿ’ ಎಂದು ಸಹಿ ಹಾಕಿ ಕರೆದುಕೊಂಡು ಹೋಗಿದ್ದರು. ಅವಳು ನನ್ನ ಹತ್ತಿರ ಮಾತ್ರ ಒಂದೆರಡು ಮಾತು ಆಡುತ್ತಿದ್ದಳು. ‘ಅಕ್ಕ, ನನ್ನ ಮನೆಗೆ ಕಳಿಸಬೇಡಿ’ ಅಂದಿದ್ದಳು.

ಅದೇ ವಾರ ಇನ್ನೊಬ್ಬ ಅಜ್ಜಿ ರಾತ್ರಿಯೆಲ್ಲ ಕೂಗಾಡಿ ಡ್ರಿಪ್ ಕಿತ್ತುಹಾಕಿದರು. ಕೈ ಎರಡನ್ನೂ ಮಂಚಕ್ಕೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದೆವು. ಮರುದಿನ ಮನೋವೈದ್ಯರು ಬಂದು ‘ಇದು ನನ್ನ ಕೇಸಲ್ಲ, ಸೋಡಿಯಂ ನೋಡಿ’ ಎಂದು ಬರೆದು ಹೋದರು. ಸೋಡಿಯಂ ನಿಜಕ್ಕೂ ತೀರಾ ಕಡಿಮೆ ಇತ್ತು.

ನಮ್ಮಲ್ಲಿ ಇರುವವರೇ ಒಬ್ಬ ಮನೋವೈದ್ಯರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೈಟ್ ಡ್ಯೂಟಿಯಲ್ಲಿ ಆ ಹಾಸಿಗೆಯ ಕಡೆ ನೋಡಲು ನನ್ನಿಂದ ಆಗುತ್ತಿಲ್ಲ. ಅವರು ಬೇಗ ಬರುವಂತೆ ನರ್ಸ್ ಆದ ನಾನು ಏನಾದರೂ ಮಾಡಬಹುದೇ? ಆ ಹುಡುಗಿಗೆ ಏನಾದರೂ ಆಗಿದ್ದರೆ ಅದರಲ್ಲಿ ನನ್ನ ಪಾಲೂ ಇದೆಯೇ?

ಹೆಸರು, ಊರು ಬೇಡ

ಪ್ರಿಯ ಸಹೋದರಿ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ನಿದ್ದೆ ಕೆಡಿಸಿರುವುದು ಅದೇ ತಾನೆ. ಆ ಹುಡುಗಿ ಮನೋವೈದ್ಯರನ್ನು ಕಾಣದೆ ಹೋದದ್ದು ನಿಮ್ಮ ತಪ್ಪಿನಿಂದಲ್ಲ. ಶುಕ್ರವಾರ ಬರೆದ ಚೀಟಿಗೆ ಸೋಮವಾರ ಉತ್ತರ ಸಿಗುವ ವ್ಯವಸ್ಥೆಯನ್ನು ನೀವು ಕಟ್ಟಿದ್ದಲ್ಲ. ಇಡೀ ಆಸ್ಪತ್ರೆಯಲ್ಲಿ ಅವಳು ಬಾಯಿಬಿಟ್ಟದ್ದು ನಿಮ್ಮೊಬ್ಬರ ಮುಂದೆ. ಸಾಮಾನ್ಯ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತೆಯಾಗಿ ಬಹುಕಾಲ ದುಡಿದ ನನಗೆ ಇದರ ಬೆಲೆ ಗೊತ್ತು. ವಿಷ ಕುಡಿದು ಬಂದವರು ಯಾರೊಬ್ಬರ ಜೊತೆಗೂ ಮಾತಾಡದೆ ಡಿಸ್ಚಾರ್ಜ್ ಆಗಿ ಹೋಗುವುದೇ ಹೆಚ್ಚು.

ಮತ್ತೆ, ಅವಳ ವಿಷಯ ಮುಗಿದುಹೋಯಿತು ಎಂದು ನೀವೇಕೆ ಅಂದುಕೊಂಡಿದ್ದೀರಿ? ಕೇಸ್ ಶೀಟಿನಲ್ಲಿ ಫೋನ್ ನಂಬರ್ ಇರುತ್ತದೆ. ನಿಮ್ಮ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಜಕಾರ್ಯಕರ್ತರನ್ನು ಇಂದೇ ಕಂಡು, ಅವರಿಂದ ಒಂದು ಕರೆ ಮಾಡಿಸಿ. ಫೋನ್ ಎತ್ತಿದವರ ಹತ್ತಿರ ಮನಸ್ಸಿನ ಮಾತು ಎತ್ತುವುದು ಬೇಡ. ‘ಆಸ್ಪತ್ರೆಯಿಂದ ಮಾತಾಡುತ್ತಿದ್ದೇವೆ, ಔಷಧಿ ಕುಡಿದವರಿಗೆ ಎರಡು ಮೂರು ವಾರದ ಮೇಲೆ ಕೈಕಾಲಿನಲ್ಲಿ ಶಕ್ತಿ ಕುಂದುವುದುಂಟು, ಒಮ್ಮೆ ತಪಾಸಣೆಗೆ ಕರೆತನ್ನಿ’ ಎಂದರೆ ಸಾಕು. ಇದು ನೆಪವಲ್ಲ. ಆರ್ಗನೋಫಾಸ್ಫೇಟ್ ಕೀಟನಾಶಕಗಳಲ್ಲಿ ಕೆಲವು ಹೀಗೆ ತಡವಾಗಿ ನರಗಳಿಗೆ ಪೆಟ್ಟು ಕೊಡುತ್ತವೆ. ಅವಳು ಬಂದ ದಿನ ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಬಹುದು. ಊರಿನ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸುವುದಾದರೆ ತುಂಬ ಎಚ್ಚರ ಬೇಕು. ಕೇರಿಗೆಲ್ಲ ಸುದ್ದಿಯಾದರೆ ಆ ಮನೆಯಲ್ಲಿ ಅವಳ ಪಾಡು ಇನ್ನೂ ಕಷ್ಟವಾಗುತ್ತದೆ. ಹೊಡೆತ ಬಡಿತದ ಸುಳಿವು ಸಿಕ್ಕರೆ ಮಹಿಳಾ ಸಹಾಯವಾಣಿ 181 ಇದೆ, ಜಿಲ್ಲೆಯ ಸಖಿ ಕೇಂದ್ರವಿದೆ.

ಒಂದು ಫೋನ್ ಕರೆಯಿಂದ ಏನಾದೀತು ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಮ್ಮ ಚೆನ್ನೈ ಕೂಡ ಅದರ ಒಂದು ಕೇಂದ್ರವಾಗಿತ್ತು. ಆತ್ಮಹತ್ಯೆಗೆ ಯತ್ನಿಸಿ ತುರ್ತು ವಿಭಾಗಕ್ಕೆ ಬಂದ 1867 ಜನರಲ್ಲಿ ಅರ್ಧದಷ್ಟು ಮಂದಿಗೆ, ಇದ್ದ ಚಿಕಿತ್ಸೆಯ ಜೊತೆಗೆ, ಬಿಡುಗಡೆಯ ಹೊತ್ತಿನಲ್ಲಿ ಒಂದು ಗಂಟೆಯ ಮಾತುಕತೆ ಮತ್ತು ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ ದೊರೆಯಿತು. ಆ ಅವಧಿಯಲ್ಲಿ ಹೀಗೆ ವಿಚಾರಿಸಿಕೊಂಡವರ ಗುಂಪಿನಲ್ಲಿ ನೂರಕ್ಕೆ 0.2ರಷ್ಟು ಜನ ಆತ್ಮಹತ್ಯೆಯಿಂದ ತೀರಿಕೊಂಡರೆ, ಇನ್ನೊಂದು ಗುಂಪಿನಲ್ಲಿ ನೂರಕ್ಕೆ 2.2ರಷ್ಟು ಜನ ತೀರಿಕೊಂಡರು. ಈ ಮಾತುಕತೆಯನ್ನು ಮನೋವೈದ್ಯರೇ ನಡೆಸಬೇಕೆಂದಿರಲಿಲ್ಲ, ತರಬೇತಿ ಪಡೆದ ನರ್ಸ್ ಕೂಡ ನಡೆಸಬಹುದಿತ್ತು. ಇದು ನೀವು ಮಾಡಬಹುದಾದ ಕೆಲಸ.

ಈಗ ಆ ಶುಕ್ರವಾರದಿಂದ ಸೋಮವಾರದ ಕಥೆಗೆ ಬರೋಣ. ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿ ಆ ಹೊತ್ತೆಲ್ಲ ಎಲ್ಲಿ ಹೋಯಿತು ಎಂದು ಬಿಡಿಸಿ ನೋಡಿದೆ. ಐಸಿಯುನಲ್ಲಿ ಎರಡು ದಿನ ಪೂರ್ತಿ ಎಚ್ಚರವಾಗಿದ್ದಳು, ಆಗ ಯಾರೂ ಕರೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಬರೆದ ಎರಡು ಪದ ಮಧ್ಯಾಹ್ನದವರೆಗೆ ಫೈಲಿನಲ್ಲೇ ಉಳಿದವು. ಚೀಟಿ ತಲುಪಿದಾಗ ಬಾಗಿಲು ಹಾಕಿತ್ತು. ಶಿಬಿರಕ್ಕೆ ಹೋಗುವ ಮೊದಲು ಮನೋವೈದ್ಯರಿಗೆ ಈ ಹುಡುಗಿಯ ವಿಷಯ ಯಾರೂ ಬಾಯಲ್ಲಿ ಹೇಳಲಿಲ್ಲ. ಇದರಲ್ಲಿ ಮನೋವೈದ್ಯರು ಕಡಿಮೆ ಇದ್ದುದರಿಂದ ಹಾಳಾದ ಸಮಯ ಎಷ್ಟು, ಕರೆ ಹೋಗದೆ ಹಾಳಾದ ಸಮಯ ಎಷ್ಟು ಎಂದು ನೀವೇ ಎಣಿಸಿ. ದೇಶದಲ್ಲಿ ಮನೋವೈದ್ಯರು ಕಡಿಮೆ ಎನ್ನುವುದು ಸತ್ಯ. ಒಂದು ಲಕ್ಷ ಜನಕ್ಕೆ ಒಬ್ಬರೂ ಸಿಗುವುದಿಲ್ಲ. ಆದರೆ ನಾನು ಕಂಡ ಹೆಚ್ಚಿನ ವಾರ್ಡುಗಳಲ್ಲಿ ವೈದ್ಯರ ಕೊರತೆ ಶುರುವಾಗುವ ಮೊದಲೇ ಕರೆಯ ಕೊರತೆಯಿಂದ ಒಂದೆರಡು ದಿನ ಕಳೆದುಹೋಗಿರುತ್ತದೆ. ಇದನ್ನು ಸರಿಪಡಿಸಲು ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ.

ತಡವಾಗುವುದಕ್ಕೆ ದೊಡ್ಡ ಕಾರಣ ‘ಮೊದಲು ಮೈ ಸರಿಯಾಗಲಿ, ಆಮೇಲೆ ಸೈಕಿಯಾಟ್ರಿ’ ಎಂಬ ರೂಢಿ. ಕೇಳಲು ಸರಿ ಅನ್ನಿಸುತ್ತದೆ. ಮೈ ಸರಿಯಾದ ದಿನವೇ ಮನೆಯವರು ಗಂಟು ಕಟ್ಟುವ ದಿನ ಎನ್ನುವುದನ್ನು ಮಾತ್ರ ಅದು ಮರೆತಿದೆ. ರಕ್ತದ ರಿಪೋರ್ಟು ಬರಲಿ, ಫಿಟ್ ಎಂದು ಬರೆಯಲಿ ಎಂದು ಕಾಯುತ್ತ ಕೂತರೆ ಮನೋವೈದ್ಯರಿಗೆ ಉಳಿಯುವುದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಬರೆಯುವಷ್ಟು ಹೊತ್ತು. ವಿಷ ಕುಡಿದು ಬಂದವರ ವಿಷಯವನ್ನು ದಾಖಲಾದ ದಿನವೇ ಮನೋವೈದ್ಯ ವಿಭಾಗಕ್ಕೆ ತಿಳಿಸಬೇಕು. ಎಚ್ಚರವಾಗಿ, ನಾಲ್ಕು ಮಾತು ಸರಿಯಾಗಿ ಆಡಲು ಸಾಧ್ಯವಾದ ಕೂಡಲೇ ನೋಡಲು ಬರಬೇಕು. ಎರಡೂ ಚಿಕಿತ್ಸೆ ಜೊತೆಜೊತೆಗೆ ಸಾಗಲಿ.

ಇನ್ನು ಕರೆಯ ರೀತಿ. ‘ಸೈಕಿಯಾಟ್ರಿ ಒಪೀನಿಯನ್’ ಎಂಬ ಎರಡು ಪದದಿಂದ ಅತ್ತ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ನಿದ್ದೆ ಬರದ ಸಕ್ಕರೆ ಕಾಯಿಲೆಯ ಅಜ್ಜನಿಗೂ ಅದೇ ಚೀಟಿ, ಪ್ರಾಣ ಬೇಡವೆಂದ ಹುಡುಗಿಗೂ ಅದೇ ಚೀಟಿ. ಓಪಿಡಿಯಲ್ಲಿ ಎಪ್ಪತ್ತು ಎಂಬತ್ತು ಜನರ ಸಾಲು ಎದುರಿಗಿರುವ ವೈದ್ಯರು ಅದನ್ನು ಮೇಜಿನ ಅಂಚಿಗೆ ಸರಿಸಿ, ಸಂಜೆ ನೋಡೋಣ ಅಂದುಕೊಂಡರೆ ಅವರನ್ನು ದೂರುವುದು ಹೇಗೆ? ಅದೇ ವೈದ್ಯರಿಗೆ ಫೋನ್ ಮಾಡಿ ಹೀಗೆ ಹೇಳಿ ನೋಡಿ: ‘ಸರ್, ಮಹಿಳಾ ಮೆಡಿಕಲ್ ವಾರ್ಡ್. ಇಪ್ಪತ್ತು ವರ್ಷದ ಹೆಣ್ಣುಮಗಳು, ಕೀಟನಾಶಕ ಸೇವಿಸಿ ಐದನೇ ದಿನ. ಎರಡು ದಿನದಿಂದ ಪೂರ್ತಿ ಎಚ್ಚರ, ಅಟ್ರೋಪಿನ್ ನಿಂತಿದೆ. ಮನೆಗೆ ಕಳಿಸಬೇಡಿ ಅನ್ನುತ್ತಿದ್ದಾಳೆ. ಸಾಯುವ ಯೋಚನೆ ಈಗಲೂ ಇದೆಯೇ ಎಂದು ಕೇಳಿದೆ, ಸುಮ್ಮನೆ ಅತ್ತಳು. ಮಾವ ಸೋಮವಾರ ಕರೆದೊಯ್ಯುತ್ತೇನೆ ಅನ್ನುತ್ತಿದ್ದಾರೆ. ಕಳಿಸುವ ಮೊದಲು ನೀವು ನೋಡಬೇಕು.’ ಇಷ್ಟು ಹೇಳಲು ಒಂದು ನಿಮಿಷ ಬೇಡ. ಇದನ್ನು ಕೇಳಿದ ಮೇಲೆ ಶಿಬಿರಕ್ಕೆ ಹೋಗುವ ದಾರಿಯಲ್ಲಿ ವಾರ್ಡಿಗೆ ಬಂದು ಹೋಗುವ ವೈದ್ಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಫೋನ್ ಮಾಡಬೇಕಾದವರು ಡ್ಯೂಟಿ ಡಾಕ್ಟರು, ನರ್ಸ್ ನೇರವಾಗಿ ಮಾಡಿದರೆ ಅಧಿಕಪ್ರಸಂಗ ಎಂಬ ಅಳುಕು ನಿಮ್ಮಲ್ಲಿ ಇರಬಹುದು. ಅದಕ್ಕೆ ದಾರಿಯಿದೆ. ನೀವು ಕಂಡದ್ದನ್ನು, ಕೇಳಿದ್ದನ್ನು ಸಮಯ ಹಾಕಿ ನರ್ಸಿಂಗ್ ನೋಟ್ಸಿನಲ್ಲಿ ಬರೆಯಿರಿ. ‘ಮನೆಗೆ ಕಳಿಸಬೇಡಿ’ ಎಂಬ ಅವಳ ಮಾತು ಅವಳ ಬಾಯಿಂದ ಬಂದಂತೆಯೇ ಅಲ್ಲಿರಲಿ. ಆಮೇಲೆ ಡ್ಯೂಟಿ ಡಾಕ್ಟರಿಗೆ ತೋರಿಸಿ, ಅವರ ಎದುರಿನಲ್ಲೇ ಕರೆ ಹೋಗಲಿ. ಬರೆದಿಟ್ಟ ಮಾತನ್ನು ಯಾವ ವೈದ್ಯರೂ ಸುಲಭವಾಗಿ ಪಕ್ಕಕ್ಕಿಡಲಾರರು.

ಎಲ್ಲ ಕರೆಯೂ ತುರ್ತಲ್ಲ. ಎಲ್ಲವನ್ನೂ ತುರ್ತು ಎಂದರೆ ಯಾವುದೂ ತುರ್ತಾಗಿ ಉಳಿಯುವುದಿಲ್ಲ. ತನಗೋ ಇತರರಿಗೋ ಈಗಲೇ ಅಪಾಯ ಮಾಡುವಂತಿರುವವರು, ಚಿಕಿತ್ಸೆ ಕಿತ್ತೊಗೆದು ಓಡುವವರು ಒಂದು ಗಂಟೆಯೊಳಗೆ ನೋಡಬೇಕಾದವರು. ಆತ್ಮಹತ್ಯೆಗೆ ಯತ್ನಿಸಿ ಎಚ್ಚರಗೊಂಡವರು, ಇದ್ದಕ್ಕಿದ್ದಂತೆ ಗೊಂದಲಗೊಂಡವರು, ಬಾಣಂತಿಯರಲ್ಲಿ ಮಗುವಿನ ಬಗ್ಗೆ ವಿಚಿತ್ರ ಮಾತಾಡುವವರು ಅದೇ ದಿನ. ಹಳೆಯ ಮಾತ್ರೆ ಮುಂದುವರಿಸಬೇಕೇ ಎಂಬಂಥ ಪ್ರಶ್ನೆಗಳು ಮರುದಿನಕ್ಕೆ ನಿಲ್ಲುತ್ತವೆ. ಬಾಣಂತಿಯ ವಿಷಯದಲ್ಲಿ ಸ್ವಲ್ಪವೂ ಅಸಡ್ಡೆ ಬೇಡ. ಹೆರಿಗೆಯಾದ ಮೊದಲೆರಡು ವಾರಗಳಲ್ಲಿ ಬರುವ ತೀವ್ರ ಮನೋರೋಗ ಗಂಟೆಗಂಟೆಗೂ ಏರಬಲ್ಲದು.

ಆದರೆ ನಿಮ್ಮ ಪ್ರಶ್ನೆಯ ತಿರುಳು ಬೇರೆ. ಮನೋವೈದ್ಯರು ಬರುವವರೆಗೆ ಏನು? ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಆ ಅಜ್ಜಿಯನ್ನೇ ತೆಗೆದುಕೊಳ್ಳಿ. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ರಾತ್ರಿ ಮಗನ ಗುರುತು ಹಿಡಿಯದೆ, ಹೊದಿಕೆ ಎಳೆದಾಡುತ್ತ, ಇಲ್ಲದವರ ಜೊತೆ ಮಾತಾಡುತ್ತಿದ್ದರೆ, ಬೆಳಿಗ್ಗೆ ತಿಳಿಯಾಗಿ ಮತ್ತೆ ರಾತ್ರಿ ಕದಡಿದರೆ, ಅದು ಹುಚ್ಚಲ್ಲ. ವೈದ್ಯರು ಡೆಲಿರಿಯಂ ಎನ್ನುತ್ತಾರೆ. ದೇಹದೊಳಗೆ ಏನೋ ಕೆಟ್ಟಿದೆ ಎಂದು ಮೆದುಳು ಕೂಗಿ ಹೇಳುವ ರೀತಿ ಅದು. ಇಲ್ಲಿ ಮನೋವೈದ್ಯರಿಗೆ ಕಾಯುವುದೇ ಅಪಾಯ. ಆಕ್ಸಿಜನ್ ಮಟ್ಟ, ಸಕ್ಕರೆ, ಜ್ವರ, ಬಿಪಿ ನೀವೇ ನೋಡಬಲ್ಲಿರಿ. ಮೂತ್ರ ಕಟ್ಟಿದೆಯೇ, ಮಲಬದ್ಧತೆಯಿದೆಯೇ, ನೋವಿದೆಯೇ, ಹೊಸದಾಗಿ ಯಾವ ಮಾತ್ರೆ ಶುರುವಾಗಿದೆ, ಇದನ್ನೆಲ್ಲ ನಿಮ್ಮಷ್ಟು ಬೇಗ ಕಂಡುಹಿಡಿಯುವವರು ಯಾರೂ ಇಲ್ಲ. ಸೋಡಿಯಂ ಪರೀಕ್ಷೆಗೆ ರಕ್ತ ಕಳಿಸಲು ಡ್ಯೂಟಿ ಡಾಕ್ಟರನ್ನು ಆ ರಾತ್ರಿಯೇ ಎಬ್ಬಿಸಬೇಕು. ಅನುಮಾನವಿದ್ದರೆ ವಾರದ ದಿನಗಳನ್ನು ಹಿಂದಿನಿಂದ ಹೇಳಲು ಕೇಳಿ. ಶನಿವಾರ, ಶುಕ್ರವಾರ ಎಂದು ಹೊರಟವರು ನಡುವೆ ದಾರಿ ತಪ್ಪಿ ಮಂಗಳವಾರದಿಂದ ಮುಂದಕ್ಕೆ ಎಣಿಸತೊಡಗಿದರೆ ಗಮನ ಕದಡಿದೆ ಎಂದು ತಿಳಿಯಿರಿ. ಶಾಲೆ ಕಲಿಯದ ಅಜ್ಜಿಯರಿಗೂ ವಾರಗಳು ಬಾಯಲ್ಲಿರುತ್ತವೆ.

ಕೂಗಾಡುವ ಅಜ್ಜಿ ಎಲ್ಲರ ಕಣ್ಣಿಗೆ ಬೀಳುತ್ತಾರೆ. ಮೂಲೆಯ ಹಾಸಿಗೆಯಲ್ಲಿ ಸದ್ದಿಲ್ಲದೆ ಮಂಪರಿನಲ್ಲಿ ಬಿದ್ದಿರುವ, ಊಟ ಬೇಡವೆನ್ನುವ ಅಜ್ಜಿಗೂ ಇದೇ ಡೆಲಿರಿಯಂ ಇರಬಹುದು. ‘ಪಾಪ, ಬೇಸರ ಮಾಡಿಕೊಂಡಿದ್ದಾರೆ’ ಎಂದು ಬಿಟ್ಟುಬಿಡುತ್ತೇವೆ. ಆಮೇಲೆ ಖಿನ್ನತೆ ಎಂದು ಚೀಟಿ ಹೋಗುತ್ತದೆ. ಇಂಥವರನ್ನು ತಡವಾಗಿ ಗುರುತಿಸುವುದೇ ಹೆಚ್ಚು, ಪೆಟ್ಟು ತಿನ್ನುವವರೂ ಅವರೇ.

ಕೈ ಕಟ್ಟಿದ್ದರ ಬಗ್ಗೆ ನಿಮಗೆ ಸಂಕಟವಾಗಿದೆ ಎಂದು ನಿಮ್ಮ ಅಕ್ಷರಗಳಲ್ಲೇ ಕಾಣುತ್ತದೆ. ನಲವತ್ತು ರೋಗಿಗಳಿಗೆ ಇಬ್ಬರು ನರ್ಸ್ ಇರುವ ರಾತ್ರಿಯಲ್ಲಿ ಡ್ರಿಪ್ ಉಳಿಸಲು ಏನೆಲ್ಲ ಮಾಡಬೇಕಾಗುತ್ತದೆ ಎಂದು ನನಗೆ ಗೊತ್ತು. ಆದರೂ ಹೇಳುತ್ತೇನೆ, ಕಟ್ಟಿದಷ್ಟೂ ಗೊಂದಲ ಏರುತ್ತದೆ, ಮಣಿಕಟ್ಟು ತರಚುತ್ತದೆ, ಮಂಚದಿಂದ ಬೀಳುವ ಅಪಾಯವೂ ತಪ್ಪುವುದಿಲ್ಲ. ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿ, ಹೆಸರು ಹಿಡಿದು ಕರೆಯಿಸಿ. ಕನ್ನಡಕ, ಕಿವಿಯ ಯಂತ್ರ ಇದ್ದರೆ ಹಾಕಿಸಿ. ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ ದೂರದ ದೀಪವೊಂದನ್ನು ಉಳಿಸಿ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಬಹಳ ದೇಶಗಳ ವಾರ್ಡುಗಳಿಗೆ ಇಲ್ಲದ ಈ ಭಾಗ್ಯವನ್ನು ನಾವು ಚೀಟಿ ಓಡಿಸಲು, ಮಾತ್ರೆ ತರಿಸಲು ಮಾತ್ರ ಬಳಸುತ್ತಿದ್ದೇವೆ.

ಮುಂದಿನ ಮಾತು ಮಹಿಳಾ ವಾರ್ಡಿನ ನಿಮಗೆ ಬೇಕಾಗುವುದು ಕಡಿಮೆ, ಆದರೆ ಸರ್ಜರಿ ಮತ್ತು ಮೂಳೆ ವಾರ್ಡಿನ ನಿಮ್ಮ ಗೆಳತಿಯರಿಗೆ ಇದನ್ನು ಓದಿ ಹೇಳಿ. ಕಾಲು ಮುರಿದು ಬಂದ ಗಂಡಸು ಮೂರನೇ ರಾತ್ರಿ ನಡುಗುತ್ತ, ಬೆವರುತ್ತ, ಗೋಡೆಯ ಮೇಲೆ ಹುಳು ಕಾಣುತ್ತಿದೆ ಎಂದು ಎದ್ದು ಓಡಿದರೆ ಅದು ಕುಡಿತ ನಿಂತದ್ದರ ಪರಿಣಾಮ. ಕೊನೆಯ ಗುಟುಕಿನ ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಕೈನಡುಕ, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದ ನಡುವೆ ಈ ಭ್ರಮೆ. ಇಷ್ಟು ಗಡಿಯಾರದಂತೆ ಬರುವ ಕಾಯಿಲೆಗೆ ಮಧ್ಯರಾತ್ರಿ ಮನೋವೈದ್ಯರನ್ನು ಹುಡುಕುವಂತಾಗಬಾರದು. ದಾಖಲಾಗುವಾಗಲೇ ‘ದಿನಾ ಕುಡಿಯುತ್ತಾರಾ, ಕೊನೆಯ ಸಲ ಯಾವಾಗ’ ಎಂದು ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದರೆ, ಅದೇ ದಿನ ಔಷಧಿ ಶುರುಮಾಡಬಹುದು. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ ಕೊಡಲು ಬರೆದಿದ್ದಾರೆಯೇ ಎಂದು ಡಾಕ್ಟರಿಗೆ ನೆನಪಿಸುವುದು ನರ್ಸ್ ಮಾಡಬಹುದಾದ ದೊಡ್ಡ ಉಪಕಾರ.

ಕೀಟನಾಶಕದ ರೋಗಿಗಳಲ್ಲಿ ಇನ್ನೊಂದು ಬಲೆಯಿದೆ. ವಿಷಕ್ಕೆ ಪ್ರತಿಯಾಗಿ ಕೊಡುವ ಅಟ್ರೋಪಿನ್ ಪ್ರಮಾಣ ಹೆಚ್ಚಾದರೆ ಮೈ ಬಿಸಿಯಾಗಿ, ಬಾಯಿ ಒಣಗಿ, ಕಣ್ಣಪಾಪೆ ಅಗಲಿಸಿ, ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ ಬಡಬಡಿಸುತ್ತಾರೆ. ‘ವಿಷ ಕುಡಿದ ಕೇಸು, ತಲೆ ಕೆಟ್ಟಿದೆ’ ಎಂದು ಚೀಟಿ ಬರೆಯಬೇಡಿ, ಫಿಜಿಶಿಯನ್ನರನ್ನು ಕರೆಯಿರಿ. ಅದೇ ರೋಗಿ ಮೊದಲ ನಾಲ್ಕು ದಿನಗಳಲ್ಲಿ ತಲೆಯೆತ್ತಲಾಗದೆ, ಮಾತು ತೊದಲಿ, ಉಸಿರು ಮೇಲುಮೇಲಾದರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ ಎಂದರ್ಥ. ಅದನ್ನು ಮಂಕು ಎಂದು ತಪ್ಪು ತಿಳಿದರೆ ಜೀವವೇ ಹೋದೀತು.

ಈಗ ಆ ಹುಡುಗಿಯಂಥವರ ಮಾತು. ಹಾಸಿಗೆ ನಿಮ್ಮ ಮೇಜಿನ ಹತ್ತಿರ, ಕಿಟಕಿಯಿಂದ ದೂರ ಇರಲಿ. ಒಬ್ಬಳೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಮಾತ್ರೆ, ಬ್ಲೇಡು ಕೈಗೆ ಸಿಗದಿರಲಿ. ಪೊಲೀಸರ ಹೇಳಿಕೆಯಲ್ಲಿ ಬಹುಪಾಲು ಇಂಥ ಕೇಸುಗಳಲ್ಲಿ ‘ಹೊಟ್ಟೆನೋವು ತಾಳಲಾರದೆ ಕುಡಿದೆ’ ಎಂದಿರುವುದನ್ನು ನೀವು ನೋಡಿರುತ್ತೀರಿ. ಗಂಡ, ಅತ್ತೆ, ಮಾವ ಸುತ್ತ ನಿಂತಿರುವಾಗ ಹೆಣ್ಣುಮಗಳು ಬೇರೇನು ಹೇಳಿಯಾಳು? ಡ್ರೆಸ್ಸಿಂಗ್ ರೂಮಿಗೆ ಕರೆದೊಯ್ದು, ಪರದೆ ಎಳೆದು, ಹತ್ತು ನಿಮಿಷ ಅವಳೊಬ್ಬಳ ಜೊತೆ ಕೂರಿ. ‘ಸಾಯಬೇಕು ಅನ್ನಿಸುವುದು ಈಗಲೂ ಇದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದವರ ಮುಂದೆ ಭಾರ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಉಪದೇಶ ಬೇಡ, ‘ಅಪ್ಪ ಅಮ್ಮನ ಮುಖ ನೋಡಬೇಕಿತ್ತು’ ಎಂಬ ಮಾತು ಬೇಡವೇ ಬೇಡ. ಅದನ್ನು ಹೇಳಲು ಊರೆಲ್ಲ ಕಾದಿರುತ್ತದೆ. ನಿಮ್ಮಿಂದಾದರೂ ಅವಳು ಅದನ್ನು ಕೇಳದಿರಲಿ.

ಮನೆಯವರು ಅವಸರದಿಂದ ಕರೆದೊಯ್ಯುವುದರ ಹಿಂದೆ ಬಿಲ್ಲಿನ ಚಿಂತೆಗಿಂತ ಪೊಲೀಸ್ ಕೇಸಿನ ಹೆದರಿಕೆ ದೊಡ್ಡದು. ಅವರನ್ನು ಕೂರಿಸಿ ತಿಳಿಸಿ ಹೇಳಿ. ಎಂಎಲ್‌ಸಿ, ಅಂದರೆ ಕಾನೂನು ಸಂಬಂಧಿ ವೈದ್ಯಕೀಯ ಪ್ರಕರಣದ ದಾಖಲೆ, ಆಗುತ್ತದೆ, ಪೊಲೀಸರು ಹೇಳಿಕೆ ಪಡೆಯುತ್ತಾರೆ, ಅದು ನಿಯಮ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆಂದಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ತಡೆಯೊಡ್ಡಲು ಆತ್ಮಹತ್ಯೆಗೆ ಯತ್ನಿಸುವುದು ಮಾತ್ರ ಬೇರೆ ಕಲಮಿನಡಿ ಅಪರಾಧ. ಸೈಕಿಯಾಟ್ರಿ ಡಾಕ್ಟರು ನೋಡಿದರೆ ಮಗಳ ಹೆಸರು ಕೆಡುತ್ತದೆ ಅನ್ನುವವರಿಗೆ, ಇಲ್ಲಿ ಬರೆದದ್ದು ಗುಟ್ಟಾಗಿಯೇ ಉಳಿಯುತ್ತದೆ ಎಂದೂ ಹೇಳಿ.

ಇನ್ನೊಂದು ಮಾತನ್ನು ನಾನು ಒತ್ತಿ ಹೇಳಬೇಕು. ಪೂರ್ತಿ ಎಚ್ಚರವಿರುವ ವಯಸ್ಕ ಹೆಣ್ಣುಮಗಳನ್ನು ವೈದ್ಯರ ಸಲಹೆ ಮೀರಿ ಬಿಡಿಸಿಕೊಂಡು ಹೋಗಲು ಮಾವನ ಸಹಿ ಸಾಲದು. ಹೋಗುವೆಯಾ ಎಂದು ಅವಳನ್ನೇ ಕೇಳಬೇಕು, ಅದೂ ಒಬ್ಬಳನ್ನೇ. ಅವಳು ಬೇಡ ಎಂದರೆ ಆ ಬೇಡ ಎಂಬುದನ್ನು ಬರೆದು, ಡ್ಯೂಟಿ ಡಾಕ್ಟರಿಗೆ ತಿಳಿಸಿ, ಬಿಡುಗಡೆಯನ್ನು ನಿಲ್ಲಿಸಲು ನಿಮಗೆ ಪೂರ್ತಿ ಆಧಾರವಿದೆ. ನಮ್ಮ ವಾರ್ಡುಗಳಲ್ಲಿ ಈ ಒಂದು ಪ್ರಶ್ನೆ ಕೇಳುವ ಅಭ್ಯಾಸ ಬಂದರೆ ಎಷ್ಟೋ ಹಾಸಿಗೆಗಳು ಮನೋವೈದ್ಯರು ಬರುವ ಮೊದಲು ಖಾಲಿಯಾಗುವುದಿಲ್ಲ.

ಭಾನುವಾರ, ಮಧ್ಯರಾತ್ರಿ, ಶಿಬಿರದ ದಿನ ಏನು ಮಾಡುವುದು? ತುರ್ತು ಸಂದರ್ಭದಲ್ಲಿ ಮನೋವೈದ್ಯರೇ ಬರಲಿ ಎಂದು ಕಾನೂನು ಹೇಳುವುದಿಲ್ಲ. ಅದೇ ಕಾಯ್ದೆಯ 94ನೇ ಕಲಮು, ಜೀವಕ್ಕೆ ಅಪಾಯವಿರುವಾಗ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ನೀಡಬಹುದು ಎನ್ನುತ್ತದೆ. ರೋಗಿ ನೇಮಿಸಿದ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಬೇಕು. ವಿದ್ಯುತ್ ಚಿಕಿತ್ಸೆಯನ್ನು ಮಾತ್ರ ಹೀಗೆ ಕೊಡುವಂತಿಲ್ಲ. 2020ರಿಂದ ಟೆಲಿಮೆಡಿಸಿನ್‌ಗೆ ಅಧಿಕೃತ ಮಾರ್ಗಸೂಚಿ ಇದೆ. ಮನೋವೈದ್ಯರು ಶಿಬಿರದಿಂದಲೇ ವಿಡಿಯೋ ಕರೆಯಲ್ಲಿ ಡ್ಯೂಟಿ ಡಾಕ್ಟರ ಜೊತೆ ಮಾತಾಡಿ, ರೋಗಿಯನ್ನು ನೋಡಿ ಸಲಹೆ ಕೊಡಬಹುದು. ಗೊಂದಲದಲ್ಲಿರುವ ಅಜ್ಜಿಗೆ ಇದು ಹೊಂದದು, ಮಾತಾಡಬಲ್ಲ ಹುಡುಗಿಗೆ ಧಾರಾಳವಾಗಿ ಸಾಕು.

ಒಬ್ಬ ಮನೋವೈದ್ಯರ ಹೆಗಲಿನ ಭಾರವನ್ನೂ ನೋಡಬೇಕು. ಓಪಿಡಿ, ಜೈಲಿನ ಭೇಟಿ, ಪ್ರಮಾಣಪತ್ರ, ಕೋರ್ಟಿನ ಸಾಕ್ಷ್ಯ, ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್. ಮೊದಲ ಭೇಟಿಗೆ ಅವರೇ ಬರಬೇಕು ಎಂದು ಹಿಡಿದು ಕೂತರೆ ಕಾಯುವುದು ತಪ್ಪದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜಕಾರ್ಯಕರ್ತರು, ಮನೋವೈದ್ಯಕೀಯ ನರ್ಸ್ ಹುದ್ದೆಗಳಿವೆ. ದೇಶಕ್ಕೆಲ್ಲ ಮಾದರಿಯಾದ ಈ ಯೋಜನೆಯ ಪ್ರಯೋಗ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ್ದು. ಮನೋವೈದ್ಯರಲ್ಲದವರಿಗೆ ಮೊದಲ ಹೆಜ್ಜೆಗಳನ್ನು ಕಲಿಸುವುದೇ ಅದರ ಜೀವಾಳ. ಕರೆ ಬಂದ ಕೂಡಲೇ ತಂಡದಲ್ಲಿ ಯಾರಿದ್ದಾರೋ ಅವರು ವಾರ್ಡಿಗೆ ಬಂದು, ಅರ್ಧ ಗಂಟೆ ಮಾತಾಡಿ, ಫೋನಿನಲ್ಲಿ ವೈದ್ಯರಿಗೆ ಒಪ್ಪಿಸಿದರೆ ವೈದ್ಯರ ಭೇಟಿ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸಿಟಿ ಹಾಸ್ಪಿಟಲ್‌ನಲ್ಲಿ 2009ರಲ್ಲಿ ಇಂಥ ತಂಡವೊಂದು ಹುಟ್ಟಿತು. ತುರ್ತು ವಿಭಾಗಕ್ಕೆ ಒಂದು ಗಂಟೆ, ವಾರ್ಡುಗಳಿಗೆ 24 ಗಂಟೆ ಎಂದು ಗಡುವು ಹಾಕಿಕೊಂಡಿತು. ರೋಗಿಗಳು ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಕಡಿಮೆಯಾದವು. ಆ ಲಾಭದ ದೊಡ್ಡ ಪಾಲು ಬಂದದ್ದು ತಂಡ ತಾನೇ ನೋಡಿದ ರೋಗಿಗಳಿಂದಲ್ಲ, ತಂಡದಿಂದ ಕಲಿತ ವಾರ್ಡಿನ ವೈದ್ಯರು, ನರ್ಸ್‌ಗಳು ಆರೈಕೆ ಮಾಡಿದವರಿಂದ. ಅಲ್ಲಿನ ಹಣ, ಜನಬಲ ನಮ್ಮಲ್ಲಿಲ್ಲ. ಗಡುವು ಹಾಕಿಕೊಳ್ಳಲು, ವಾರ್ಡಿನವರಿಗೆ ಕಲಿಸಲು ಮಾತ್ರ ಅಷ್ಟೆಲ್ಲ ಬೇಕಾಗುವುದಿಲ್ಲ.

ಗಡುವು ಕಾಗದದ ಮೇಲೇ ಉಳಿಯದಿರಲು ಲೆಕ್ಕ ಬೇಕು. ನಿಮ್ಮ ವಾರ್ಡಿನಲ್ಲಿ ಒಂದು ಉದ್ದ ನೋಟ್ ಪುಸ್ತಕ ಇಡಿ. ಮನೋವೈದ್ಯರ ಸಲಹೆ ಬೇಕು ಎಂದು ಬರೆದ ಗಂಟೆ, ಕರೆ ತಲುಪಿದ ಗಂಟೆ, ಅವರು ರೋಗಿಯನ್ನು ಕಂಡ ಗಂಟೆ, ಇಷ್ಟೇ ಅಂಕಣ. ಕಾಣುವ ಮೊದಲೇ ಹೋದವರಿದ್ದರೆ ಅದನ್ನೂ ಬರೆಯಿರಿ. ಯಾರನ್ನೂ ಸಿಕ್ಕಿಸುವ ಪುಸ್ತಕವಲ್ಲ ಇದು ಎಂದು ಮೊದಲೇ ಮನೋವೈದ್ಯರಿಗೆ ಹೇಳಿ, ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ತನಗೆ ಇನ್ನೊಬ್ಬ ವೈದ್ಯರು ಬೇಕು ಎಂದು ವರ್ಷಗಳಿಂದ ಕೇಳುತ್ತಿರುವ ಅವರಿಗೆ ನಿಮ್ಮ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ನಿಮ್ಮ ನಿದ್ದೆಯ ಬಗ್ಗೆ ಎರಡು ಮಾತು. ಆ ಹಾಸಿಗೆಯ ಕಡೆ ನೋಡಲಾಗುತ್ತಿಲ್ಲ ಎಂದು ಬರೆದಿದ್ದೀರಿ. ಇಂಥ ಕೇಸು ನಡೆದ ಮೇಲೆ ಅಂದಿನ ಡ್ಯೂಟಿಯಲ್ಲಿದ್ದವರೆಲ್ಲ ಒಂದೆಡೆ ಕೂತು ಮಾತಾಡುವ ಪದ್ಧತಿ ನಮ್ಮಲ್ಲಿ ಇಲ್ಲ, ಬರಬೇಕು. ಅಲ್ಲಿಯವರೆಗೆ ನೀವು ಒಬ್ಬರೇ ಹೊರಬೇಡಿ. ಜೊತೆಯ ಸಿಸ್ಟರ್ ಒಬ್ಬರ ಹತ್ತಿರ ಹೇಳಿಕೊಳ್ಳಿ. ಎರಡು ವಾರ ಕಳೆದರೂ ನಿದ್ದೆ ಸರಿಯಾಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ರೋಗಿಗಳಿಗೆ ಮಾತ್ರ ಇರುವ ನಂಬರಲ್ಲ.

ಒಂದು ತಿಂಗಳ ಲೆಕ್ಕ ತುಂಬಿದ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್ ಮತ್ತು ಮನೋವೈದ್ಯರ ಜೊತೆಗೇ ಜಿಲ್ಲಾ ಶಸ್ತ್ರಚಿಕಿತ್ಸಕರ ಕೋಣೆಗೆ ಹೋಗಿ. ಆ ಪುಟಗಳನ್ನು ಅವರ ಮುಂದಿಟ್ಟು ಮೂರು ವಿಷಯ ಲಿಖಿತವಾಗಿ ಕೇಳಿ: ಆತ್ಮಹತ್ಯೆಗೆ ಯತ್ನಿಸಿದ ಯಾರನ್ನೂ ಮಾನಸಿಕ ಆರೋಗ್ಯ ತಂಡ ಕಾಣದೆ ಬಿಡುಗಡೆ ಮಾಡಬಾರದು, ಕರೆ ಫೋನಿನಲ್ಲೇ ಹೋಗಬೇಕು, ಭಾನುವಾರಕ್ಕೆ ತಂಡದ ಒಬ್ಬರ ಹೆಸರು ಡ್ಯೂಟಿ ಪಟ್ಟಿಯಲ್ಲಿ ಇರಬೇಕು. ಈ ಮೂರಕ್ಕೂ ಹೊಸ ಹುದ್ದೆ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ. ಒಂದು ಸುತ್ತೋಲೆ ಸಾಕು. ಅದನ್ನು ಹೊರಡಿಸುವ ಅಧಿಕಾರ ಅವರಿಗಿದೆ.